ಎದೆ ಉರಿಗೆ ಆಪರೇಷನ್ ಮಾಡಿಸಬೇಕಾ? ಹೂಂ ಅನ್ನುವ ಮೊದಲು ಇಷ್ಟು ಕೆಲಸ ಮುಗಿಸಿ

ಅಡಿಕೆ ಸುಲಿಯುವ ದಿನಗಳಲ್ಲಿ ಶಿರಸಿ ಕಡೆಯ ನಮ್ಮ ಮನೆಯಲ್ಲಿ ರಾತ್ರಿ ಊಟ ಅಂದರೆ ಹತ್ತೂವರೆ. ಸಂಜೆಯಿಂದ ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತಿರುತ್ತೇವೆ, ನಡುವೆ ಎರಡು ಸಲ ಚಾ, ಬಾಯಲ್ಲಿ ಕವಳ, ಊಟದ ಕೊನೆಗೆ ಒಂದು ಲೋಟ ಅಪ್ಪೆಹುಳಿ, ಅದಾಗಿ ಹತ್ತು ನಿಮಿಷಕ್ಕೆ ಹಾಸಿಗೆ. ರಾತ್ರಿ ಎರಡು ಗಂಟೆಗೆ ಗಂಟಲಿಗೆ ಹುಳಿನೀರು ನುಗ್ಗಿ, ಕೆಮ್ಮಿಕೊಂಡು ಎದ್ದು ಕೂರುವುದು. ಒಂಬತ್ತು ವರ್ಷದಿಂದ ನನಗಿದು ಗೊತ್ತು.

ಘಟ್ಟದ ಕೆಳಗೆ ಅಚವೆಯಲ್ಲಿರುವ ನನ್ನ ಭಾವನಿಗೂ ಇದೇ ಕಾಯಿಲೆ. ಅವರು ಹೋದ ವರ್ಷ ಆಪರೇಷನ್ ಮಾಡಿಸಿಕೊಂಡರು. ನಾನು ಮಾಡಿಸಲಿಲ್ಲ, ಮಾತ್ರೆಯಲ್ಲೇ ಇದ್ದೇನೆ. ಎರಡೂ ಸರಿಯಾದ ತೀರ್ಮಾನ ಅಂತ ಈಗ ನನಗೆ ಅನಿಸುತ್ತದೆ, ಯಾಕೆಂದರೆ ಇಬ್ಬರೂ ಪರೀಕ್ಷೆ ಮಾಡಿಸಿಯೇ ನಿರ್ಧಾರ ಮಾಡಿದೆವು. ಎಷ್ಟೋ ಜನ ಒಂದೋ ಹೆದರಿ ಹತ್ತು ವರ್ಷ ಸುಮ್ನೆ ಇರುತ್ತಾರೆ, ಇಲ್ಲವೇ ಬೇಸತ್ತು "ಕುಯ್ದು ಬಿಡಿ ಡಾಕ್ಟ್ರೇ" ಅಂದುಬಿಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಆಗುತ್ತಿರುವುದೇನು

ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಒಂದು ಬಿಗಿಯಾದ ಸ್ನಾಯುವಿನ ಬಳೆ ಇದೆ. ವಾಲ್ವ್ ಅಂತ ಇಟ್ಟುಕೊಳ್ಳಿ. ನುಂಗಿದಾಗ ತೆರೆಯಬೇಕು, ಆಮೇಲೆ ಮುಚ್ಚಬೇಕು. ಅದು ಸಡಿಲವಾದರೆ, ಅಥವಾ ಬೇಡದ ಹೊತ್ತಿಗೆ ತೆರೆದುಕೊಂಡರೆ, ಹೊಟ್ಟೆಯ ಆಸಿಡ್ ಮೇಲಕ್ಕೆ ಬರುತ್ತದೆ. ಹೊಟ್ಟೆಯ ಒಳಪದರ ಆಸಿಡ್ ತಡೆಯುತ್ತದೆ, ಅನ್ನನಾಳಕ್ಕೆ ಆ ಶಕ್ತಿ ಇಲ್ಲ. ಕೆಲವರಲ್ಲಿ ಹೊಟ್ಟೆಯ ಮೇಲ್ಭಾಗವೇ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ತೂತಿನಿಂದ ಎದೆಯ ಕಡೆಗೆ ಜಾರಿರುತ್ತದೆ. ಇದಕ್ಕೆ ಹಯಾಟಸ್ ಹರ್ನಿಯಾ ಅನ್ನುತ್ತಾರೆ. ಭಾವನಿಗೆ ಇದ್ದದ್ದು ಅದೇ.

ಅಂದರೆ ತೊಂದರೆ ಇರುವುದು ವಾಲ್ವಿನಲ್ಲಿ. ಮಾತ್ರೆ ಆಸಿಡ್ ಕಡಿಮೆ ಮಾಡುತ್ತದೆಯೇ ಹೊರತು ವಾಲ್ವ್ ರಿಪೇರಿ ಮಾಡುವುದಿಲ್ಲ. ಮುಂದೆ ಹೇಳುವುದಕ್ಕೆಲ್ಲ ಇದೇ ಬುಡ.

ಕಾಯಬಾರದ ಲಕ್ಷಣಗಳು

ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಟಾರಿನಂತೆ ಕಪ್ಪು ಮಲ, ರಕ್ತಹೀನತೆ. ಇವುಗಳಲ್ಲಿ ಒಂದಿದ್ದರೂ ಈ ಲೇಖನ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ಮಾತು. ಎದೆ ಹಿಂಡಿದ ಹಾಗೆ ನೋವು, ಬೆವರು, ಕೈಗೋ ದವಡೆಗೋ ಹರಿಯುವ ನೋವು, ಗುಡ್ಡ ಹತ್ತುವಾಗ ಮಾತ್ರ ಬರುವ ಉರಿ, ಇದು ಹೃದಯದ ತೊಂದರೆ ಇರಬಹುದು, ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ದೂರ. ಮನೆಯಲ್ಲಿ ಕಳೆದ ಒಂದು ಗಂಟೆ ಇಲ್ಲಿ ಇನ್ನೂ ದುಬಾರಿ.

ಮೊದಲ ಎಂಟು ವಾರ ಮನೆಯಲ್ಲೇ

ಒಂದು ನೋಟ್‌ಬುಕ್ ಇಡಿ. ಯಾವಾಗ ಉರಿ ಬಂತು, ಅದಕ್ಕೆ ಮೊದಲು ಏನು ತಿಂದಿದ್ದಿರಿ, ಎಷ್ಟು ಹೊತ್ತಿಗೆ ಮಲಗಿದಿರಿ, ಇಷ್ಟೇ. ಎಲ್ಲರಿಗೂ ಒಂದೇ ಪದಾರ್ಥ ತೊಂದರೆ ಕೊಡುವುದಿಲ್ಲ. ನನಗೆ ಅಪ್ಪೆಹುಳಿ ಮತ್ತು ಕರಿದ ಹಪ್ಪಳ ಆಗುವುದಿಲ್ಲ, ಮಜ್ಜಿಗೆ ಆಗುತ್ತದೆ. ಕರಾವಳಿಯ ನನ್ನ ಗೆಳೆಯನಿಗೆ ಬಂಗಡೆ ಸಾರು ಏನೂ ಮಾಡುವುದಿಲ್ಲ, ಅದೇ ಮೀನು ಎಣ್ಣೆಯಲ್ಲಿ ಕರಿದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಜಿಡ್ಡು ಜಾಸ್ತಿಯಾದಷ್ಟೂ ಹೊಟ್ಟೆ ಖಾಲಿಯಾಗುವುದು ನಿಧಾನ. ನೋಟ್‌ಬುಕ್ ನೋಡಿ ನಿಮ್ಮದನ್ನು ನೀವೇ ಬಿಡಿ. ಪಕ್ಕದ ಮನೆಯವರ ಪಥ್ಯ ಮಾಡಬೇಡಿ.

ಕವಳದ ಹೊಗೆಸೊಪ್ಪು, ಬೀಡಿ, ಸಿಗರೇಟು ಮಾತ್ರ ಎಲ್ಲರೂ ಬಿಡಬೇಕು. ನಿಕೋಟಿನ್ ಆ ವಾಲ್ವನ್ನೇ ಸಡಿಲ ಮಾಡುತ್ತದೆ. ಕುಡಿತವೂ ಹಾಗೆ. ಹೊಟ್ಟೆಯ ಸುತ್ತ ಬೊಜ್ಜಿದ್ದರೆ ನಾಲ್ಕೈದು ಕೆಜಿ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಮಂಚದ ಕೆಲಸ. ತಲೆಯ ಕಡೆಯ ಎರಡು ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಮರದ ತುಂಡು ಕೊಡಬೇಕು. ನಾನು ಮೊದಲು ಇಟ್ಟಿಗೆ ಇಟ್ಟೆ, ಮೂರನೇ ದಿನ ಮಂಚ ಜಾರಿತು. ಆಮೇಲೆ ಆಚಾರಿ ಹಲಸಿನ ಮರದ ತುಂಡು ಕೊಯ್ದು, ಮಂಚದ ಕಾಲು ಕೂರುವಷ್ಟು ನಡುವೆ ಗುಳಿ ತೋಡಿ ಕೊಟ್ಟರು. ಈಗ ಅಲುಗಾಡುವುದಿಲ್ಲ. ತಲೆದಿಂಬು ಎರಡು ಮೂರು ಪೇರಿಸಿದರೆ ಈ ಕೆಲಸ ಆಗುವುದಿಲ್ಲ, ಕುತ್ತಿಗೆ ಮತ್ತು ಹೊಟ್ಟೆ ಮಡಚಿ ಒತ್ತಡ ಹೆಚ್ಚುತ್ತದೆ. ಇಡೀ ಮೈ ಇಳಿಜಾರಾಗಬೇಕು. ಎಡಮಗ್ಗುಲಿಗೆ ಮಲಗಿ, ಆಗ ಹೊಟ್ಟೆಯ ಚೀಲ ಅನ್ನನಾಳಕ್ಕಿಂತ ಕೆಳಗಿರುತ್ತದೆ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇರಲಿ. ಸುಲಿಯುವ ದಿನಗಳಲ್ಲಿ ನಾನೀಗ ಏಳು ಗಂಟೆಗೇ ಗಂಜಿ ಉಂಡು ಕೆಲಸಕ್ಕೆ ಕೂರುತ್ತೇನೆ. ಮೊದಲ ವರ್ಷ ಮನೆಯವರೆಲ್ಲ ವಿಚಿತ್ರವಾಗಿ ನೋಡಿದರು, ಈಗ ಅವರೂ ಆಗಲೇ ಉಣ್ಣುತ್ತಾರೆ.

ಮಾತ್ರೆ ತೆಗೆದುಕೊಳ್ಳುವ ಹೊತ್ತು

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಇವೆಲ್ಲ ಒಂದೇ ಜಾತಿಯ ಮಾತ್ರೆ. ಹೊಟ್ಟೆಯ ಗೋಡೆಯಲ್ಲಿ ಆಸಿಡ್ ಸುರಿಸುವ ಸಣ್ಣ ಪಂಪುಗಳಿವೆ, ಊಟ ಬಂದಾಗ ಅವು ಶುರುವಾಗುತ್ತವೆ. ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿದ್ದರೆ ಮಾತ್ರ ಅವು ಚೆನ್ನಾಗಿ ಬಂದ್ ಆಗುತ್ತವೆ. ಹಾಗಾಗಿ ತಿಂಡಿಗೆ 30ರಿಂದ 60 ನಿಮಿಷ ಮೊದಲು, ಖಾಲಿ ಹೊಟ್ಟೆಯಲ್ಲಿ. ನಾನು ನಾಲ್ಕು ವರ್ಷ ಊಟವಾದ ಮೇಲೆ ನುಂಗಿ "ಮಾತ್ರೆ ಕೆಲಸ ಮಾಡುವುದಿಲ್ಲ" ಅಂತ ಹೇಳಿಕೊಂಡು ತಿರುಗಿದೆ. ಬರೆದುಕೊಟ್ಟವರು ಹೊತ್ತು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪೂರ್ತಿ ಪರಿಣಾಮಕ್ಕೆ ಮೂರು ನಾಲ್ಕು ದಿನ ಬೇಕು, ಆದ್ದರಿಂದ ಉರಿ ಬಂದ ದಿನ ಮಾತ್ರ ಒಂದು ನುಂಗಿದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ.

ಸಾಮಾನ್ಯವಾಗಿ ಎಂಟು ವಾರದ ಕೋರ್ಸ್ ಕೊಡುತ್ತಾರೆ. ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12, ಮೆಗ್ನೀಸಿಯಂ, ಮೂಳೆಯ ಬಲದ ಬಗ್ಗೆ ಡಾಕ್ಟರಲ್ಲಿ ಕೇಳಬೇಕು. ಹಾಗಂತ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಬಹಳ ಕಾಲ ತಡೆದಿದ್ದ ಆಸಿಡ್ ಕೆಲವು ವಾರ ಮೊದಲಿಗಿಂತ ಜೋರಾಗಿ ಬರುತ್ತದೆ, ಕಾಯಿಲೆ ಹೆಚ್ಚಾಯಿತು ಅಂತ ಗಾಬರಿಯಾಗುತ್ತದೆ. ಡಾಕ್ಟರನ್ನು ಕೇಳಿ ನಿಧಾನ ಇಳಿಸಿ. ಬಿಪಿಗೆ ಅಮ್ಲೊಡಿಪಿನ್, ಮಂಡಿ ನೋವಿಗೆ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವು ಔಷಧಗಳಿಂದ ಎದೆ ಉರಿ ಜಾಸ್ತಿ ಆಗುವುದುಂಟು.

ಆಪರೇಷನ್ ಯೋಚನೆ ಯಾರಿಗೆ

ಮಾತ್ರೆಯಿಂದ ಉರಿ ಕಡಿಮೆಯಾಗಿ, ಆದರೆ ನೀರು, ಅನ್ನ ಮೇಲೆ ಬರುವುದು ನಿಲ್ಲದವರಿಗೆ. ದೊಡ್ಡ ಹರ್ನಿಯಾ ಇರುವವರಿಗೆ. ಮಾತ್ರೆ ಆಗಿಬರದವರಿಗೆ, ಅಥವಾ ಜೀವಮಾನವಿಡೀ ಮಾತ್ರೆ ಬೇಡ ಅನ್ನುವವರಿಗೆ. ಭಾವ ಬಗ್ಗಿ ಅಡಿಕೆ ಹೆಕ್ಕಿದರೆ ಸಾಕು, ತಿಂದದ್ದು ಬಾಯಿಗೆ ಬರುತ್ತಿತ್ತು. ತೋಟದ ಕೆಲಸ ಮಾಡುವವರಿಗೆ ಬಗ್ಗಬೇಡಿ ಅಂದರೆ ಆಗುತ್ತದೆಯೇ?

ಒಂದು ವಿಷಯ ಗಮನದಲ್ಲಿರಲಿ. ಸರಿಯಾಗಿ ತೆಗೆದುಕೊಂಡ ಮಾತ್ರೆಯಿಂದ ಸ್ವಲ್ಪವಾದರೂ ಗುಣ ಕಂಡವರಿಗೆ ಆಪರೇಷನ್‌ನಿಂದಲೂ ಚೆನ್ನಾಗಿ ಗುಣವಾಗುವ ಸಾಧ್ಯತೆ ಹೆಚ್ಚು. ಮಾತ್ರೆಯಿಂದ ಏನೂ ಆಗಲಿಲ್ಲ ಅಂದರೆ ಅದು ಆಸಿಡ್‌ನ ಕಾಯಿಲೆಯೇ ಹೌದಾ ಅಂತ ಮೊದಲು ನೋಡಬೇಕು. ತೂಕ ತುಂಬಾ ಇರುವವರು ಬೊಜ್ಜಿನ ಆಪರೇಷನ್ ಜೊತೆಗೆ ಯೋಚಿಸುತ್ತಿದ್ದರೆ, ಹೊಟ್ಟೆಯನ್ನು ಉದ್ದಕ್ಕೆ ಕತ್ತರಿಸುವ ಸ್ಲೀವ್ ವಿಧಾನದಿಂದ ಎದೆ ಉರಿ ಹೆಚ್ಚಾಗಬಹುದು. ಬೈಪಾಸ್ ವಿಧಾನ (ಹೃದಯದ್ದಲ್ಲ, ಹೊಟ್ಟೆಯದು) ಹೆಚ್ಚು ಹೊಂದುತ್ತದೆ. ಇದನ್ನು ಸರ್ಜನ್ ಹತ್ತಿರ ಬಿಡಿಸಿ ಕೇಳಿ.

ಮೂರು ಪರೀಕ್ಷೆ, ಒಂದೇ ಪ್ರಯಾಣ

ಮೊದಲು ಎಂಡೋಸ್ಕೋಪಿ. ರಾತ್ರಿಯಿಂದ ಖಾಲಿ ಹೊಟ್ಟೆ, ಬಾಯಿಯಿಂದ ಕ್ಯಾಮೆರಾ ಪೈಪ್, ಹತ್ತು ನಿಮಿಷದ ಕೆಲಸ. ಹುಣ್ಣು ಎ ಇಂದ ಡಿ ತನಕ ದರ್ಜೆಯಲ್ಲಿ ಬರೆಯುತ್ತಾರೆ. ಸಿ, ಡಿ ಬಂದರೆ ರಿಫ್ಲಕ್ಸ್, ಅಂದರೆ ಆಸಿಡ್ ಮೇಲೆ ಬರುವ ಈ ಕಾಯಿಲೆ, ಖಚಿತ. ಆದರೆ ಉರಿ ಇರುವ ಎಷ್ಟೋ ಜನರಿಗೆ ಎಂಡೋಸ್ಕೋಪಿ ನಾರ್ಮಲ್ ಬರುತ್ತದೆ. ಅವರಿಗೆ ಅನ್ನನಾಳಕ್ಕೆ ಬರುವ ಆಸಿಡ್ ಅಳೆಯುವ 24 ಗಂಟೆಯ ಪಿಎಚ್ ಪರೀಕ್ಷೆ ಬೇಕು. ಆಪರೇಷನ್‌ಗೆ ಹೋಗುವವರಿಗೆ ಇದರ ಜೊತೆ ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿಯೂ ಬೇಕು.

ಈ ಎರಡಕ್ಕೆ ನಾವು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕಾಗುತ್ತದೆ. ಕಾರವಾರದವರಿಗೆ ಗೋವಾ ಹತ್ತಿರ. ಹೊರಡುವ ಮೊದಲು ಫೋನ್ ಮಾಡಿ, ಎರಡೂ ಪರೀಕ್ಷೆ ಅಲ್ಲಿ ಇವೆಯಾ, ಯಾವ ವಾರ ಮಾಡುತ್ತಾರೆ, ಮಾತ್ರೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿ. ರೋಗ ಇನ್ನೂ ಖಚಿತವಾಗದವರಿಗೆ ಸಾಮಾನ್ಯವಾಗಿ ಏಳು ದಿನ ನಿಲ್ಲಿಸಲು ಹೇಳುತ್ತಾರೆ. ಇದು ಗೊತ್ತಿಲ್ಲದೆ ನಾನು ಮಾತ್ರೆ ನುಂಗಿಯೇ ಹೋಗಿ, ಬಸ್ಸಿನಲ್ಲಿ ಹಾಗೇ ವಾಪಸ್ ಬಂದೆ. ಆಯುಷ್ಮಾನ್ ಕಾರ್ಡ್ ಇದ್ದವರು ಯಾವ ಖರ್ಚು ಅದರಲ್ಲಿ ಬರುತ್ತದೆ, ರೆಫರಲ್ ಚೀಟಿ ಬೇಕಾ ಅಂತ ಅದೇ ಫೋನ್‌ನಲ್ಲಿ ಕೇಳಿಬಿಡಿ.

ಮ್ಯಾನೊಮೆಟ್ರಿಯಲ್ಲಿ ಮೂಗಿನಿಂದ ಸಪೂರ ನಳಿಕೆ ಇಳಿಸಿ, ಹತ್ತು ಸಲ ಚಮಚದಷ್ಟು ನೀರು ನುಂಗಿಸುತ್ತಾರೆ. ಮೂಗಿನಲ್ಲಿ ಹೋಗುವಾಗ ಕಣ್ಣಲ್ಲಿ ನೀರು ಬರುತ್ತದೆ, ಗಂಟಲು ದಾಟಿದ ಮೇಲೆ ಅಷ್ಟೇನಿಲ್ಲ. ಅನ್ನನಾಳ ಎಷ್ಟು ಬಲವಾಗಿ ಕೆಳಗೆ ತಳ್ಳುತ್ತದೆ ಅನ್ನುವುದು ಇದರಲ್ಲಿ ತಿಳಿಯುತ್ತದೆ. ಅಕಲೇಸಿಯಾ ಅಂತ ಒಂದು ಕಾಯಿಲೆ ಇದೆ. ಅದರಲ್ಲಿ ವಾಲ್ವ್ ತೆರೆಯುವುದೇ ಇಲ್ಲ, ಅನ್ನ ಮೇಲೆ ಬರುವುದು ರಿಫ್ಲಕ್ಸ್‌ನಂತೆಯೇ ಕಾಣುತ್ತದೆ. ಅಂಥವರಿಗೆ ವಾಲ್ವ್ ಬಿಗಿ ಮಾಡಿದರೆ ಅನ್ನವೇ ಇಳಿಯುವುದಿಲ್ಲ. ಈ ಪರೀಕ್ಷೆ ಇಲ್ಲದೆ ಆಪರೇಷನ್ ಡೇಟ್ ಕೊಟ್ಟರೆ ಯಾಕೆ ಬೇಡ ಅಂತ ಕೇಳುವುದು ನಿಮ್ಮ ಹಕ್ಕು.

ಪಿಎಚ್ ಪರೀಕ್ಷೆಗೆ ಇನ್ನೂ ಸಪೂರ ನಳಿಕೆ, ಸೊಂಟಕ್ಕೆ ಒಂದು ಸಣ್ಣ ಪೆಟ್ಟಿಗೆ. ಉರಿ ಬಂದಾಗ ಅದರ ಬಟನ್ ಒತ್ತಬೇಕು. ಆ ದಿನ ಪಥ್ಯ ಮಾಡಬೇಡಿ, ದಿನನಿತ್ಯದಂತೆ ಉಣ್ಣಿ, ಮಲಗಿ. ಅನ್ನನಾಳದಲ್ಲಿ ಪಿಎಚ್ 4ಕ್ಕಿಂತ ಕೆಳಗಿದ್ದ ಹೊತ್ತು, ಅಂದರೆ ಆಸಿಡ್ ಇದ್ದ ಹೊತ್ತು, ದಿನದ ಶೇ 6ಕ್ಕಿಂತ ಹೆಚ್ಚಾದರೆ ರಿಫ್ಲಕ್ಸ್ ಖಚಿತ, ಶೇ 4ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್. ನನ್ನದು ನಡುವೆ ಬಂತು, ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಂಡ ಮೇಲೆ ರಾತ್ರಿ ನಿದ್ದೆಯೂ ಬರುತ್ತಿತ್ತು. ಅಲ್ಲಿಗೆ ನನ್ನ ತೀರ್ಮಾನ ಆಯಿತು.

ಸರ್ಜನ್ ಮುಂದೆ ಕೂತಾಗ

ಆಪರೇಷನ್ ಹೆಸರು ಫಂಡೊಪ್ಲಿಕೇಷನ್. ರುಡಾಲ್ಫ್ ನಿಸೆನ್ ಅನ್ನುವ ಸರ್ಜನ್ 1956ರಲ್ಲಿ ಇದನ್ನು ಪ್ರಕಟಿಸಿದರು, 1991ರಿಂದ ಲ್ಯಾಪರೊಸ್ಕೋಪಿಯಲ್ಲಿ ನಾಲ್ಕೈದು ಸಣ್ಣ ತೂತುಗಳಿಂದ ಮಾಡುತ್ತಾರೆ. ವಪೆಯ ಅಗಲವಾದ ತೂತಿಗೆ ಹೊಲಿಗೆ ಹಾಕಿ, ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳದ ತುದಿಗೆ ಶಾಲು ಹೊದಿಸಿದಂತೆ ಸುತ್ತುತ್ತಾರೆ. ಪೂರ್ತಿ 360 ಡಿಗ್ರಿ ಸುತ್ತಿದರೆ ನಿಸೆನ್, ಹಿಂದಿನಿಂದ 270 ಡಿಗ್ರಿ ಸುತ್ತಿದರೆ ಟೂಪೆ. ಪೂರ್ತಿ ಸುತ್ತಿದವರಿಗೆ ನುಂಗುವ ಕಷ್ಟ ಮತ್ತು ಹೊಟ್ಟೆ ಉಬ್ಬರ ಸ್ವಲ್ಪ ಜಾಸ್ತಿ. ನಿಮಗೆ ಯಾವುದು, ಯಾಕೆ ಅಂತ ಕೇಳಿ. ವರ್ಷಕ್ಕೆ ಇಂಥದ್ದು ಎಷ್ಟು ಮಾಡುತ್ತೀರಿ ಅಂತಲೂ ಕೇಳಿ, ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ.

ಆಮೇಲೆ ಮಾತ್ರೆಯೇ ಬೇಡ ಅಂತ ಯಾರೂ ಬರೆದುಕೊಡಲಾರರು. ಸ್ವೀಡನ್‌ನಲ್ಲಿ ಆಪರೇಷನ್ ಆದ 2,655 ಜನರನ್ನು ಐದಾರು ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಬಂತು. ಶೇ 17.7 ಜನರಿಗೆ ಕಾಯಿಲೆ ಮರಳಿತ್ತು, ಅವರಲ್ಲಿ ಹೆಚ್ಚಿನವರು ಮತ್ತೆ ಮಾತ್ರೆ ಹಿಡಿದರು, ಕೆಲವರಿಗೆ ಎರಡನೇ ಆಪರೇಷನ್ ಆಯಿತು. ಅಂದರೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಚೆನ್ನಾಗಿದ್ದರು. ಎರಡು ಕಡೆಯಿಂದಲೂ ಈ ಲೆಕ್ಕ ನೋಡಿ.

ಘಟ್ಟ ಇಳಿದು ಮನೆಗೆ

ಭಾವ ಮೂರನೇ ದಿನ ಡಿಸ್ಚಾರ್ಜ್ ಆದರು. ಹುಬ್ಬಳ್ಳಿಯಿಂದ ಬರುವಾಗ ಅರಬೈಲ್ ಘಟ್ಟ ಇಳಿಯಬೇಕು, ಅವರಿಗೋ ಮೊದಲಿಂದಲೂ ತಿರುವುಗಳಲ್ಲಿ ವಾಂತಿ. ಹೊಸ ಹೊಲಿಗೆ ಇರುವಾಗ ಓಕರಿಸುವುದು ಅಪಾಯ, ಸುತ್ತಿದ್ದು ಜಾರಬಹುದು. ಅಕ್ಕ ಇದನ್ನು ನೆನಪಿಟ್ಟು ಸರ್ಜನ್ ಹತ್ತಿರ ಹೇಳಿ, ವಾಂತಿ ತಡೆಯುವ ಮಾತ್ರೆ ಬರೆಸಿಕೊಂಡಳು. ಯಲ್ಲಾಪುರದಲ್ಲಿ ಅರ್ಧ ಗಂಟೆ ಗಾಡಿ ನಿಲ್ಲಿಸಿ, ಘಟ್ಟದಲ್ಲಿ ನಿಧಾನ ಬಂದರು. ಘಟ್ಟದ ಕೆಳಗಿನವರು ಇದನ್ನು ಮರೆಯಬೇಡಿ.

ಮೊದಲ ಕೆಲವು ದಿನ ನೀರಿನಂಥದ್ದು, ಆಮೇಲೆ ನಾಲ್ಕರಿಂದ ಆರು ವಾರ ಮೆತ್ತಗಿನ ಊಟ. ನಮ್ಮ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ್ದು. ತೆಳು ಗಂಜಿ, ಖಾರ ಹಾಕದ ತಂಬುಳಿ, ನುಣ್ಣಗೆ ಬೇಯಿಸಿದ ಬೇಳೆ. ಚಪಾತಿ, ಬ್ರೆಡ್ಡು, ಮುದ್ದೆ ಮಾಡಿ ನುಂಗುವ ಒಣ ಅನ್ನ, ಗಟ್ಟಿ ಕೊಟ್ಟೆ ಕಡುಬು ಸಿಕ್ಕಿಕೊಳ್ಳುತ್ತವೆ. ಮೀನು ತಿನ್ನುವವರು ಶುರು ಮಾಡುವಾಗ ಮುಳ್ಳು ತೆಗೆದು ಹಿಸುಕಿಯೇ ತಿನ್ನಿ. ಸೋಡಾ, ಕೋಲಾ ಬೇಡವೇ ಬೇಡ, ಯಾಕೆಂದರೆ ಗಾಳಿ ಮೇಲೆ ಬರಲು ದಾರಿ ಬಿಗಿಯಾಗಿದೆ. ಅಡಿಕೆ ಮೂಟೆ, ನೀರಿನ ಕೊಡ, ಸೊಪ್ಪಿನ ಹೊರೆ ಆರು ವಾರ ಮುಟ್ಟಬಾರದು.

ಮೂರನೇ ವಾರ ನೋಡಲು ಹೋದಾಗ ಭಾವ ಜಗುಲಿಯಲ್ಲಿ ಬಟ್ಟಲು ಗಂಜಿಯನ್ನು ಅರ್ಧ ಗಂಟೆ ಹಿಡಿದು ಉಣ್ಣುತ್ತಿದ್ದರು. "ಉರಿ ಇಲ್ಲೆ. ತೇಗು ಬತ್ತಿಲ್ಲೆ, ಅದೊಂದೇ ಕಷ್ಟ" ಅಂದರು. ಆ ಉಬ್ಬರ ಇಳಿಯಲು ನಾಲ್ಕು ತಿಂಗಳಾಯಿತು, ಈಗಲೂ ಹಬ್ಬದೂಟದ ದಿನ ಸ್ವಲ್ಪ ಇರುತ್ತದೆ. ನುಂಗುವ ಕಷ್ಟ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾ ಹೋಗಬೇಕು. ಹೆಚ್ಚಾಗುತ್ತಿದ್ದರೆ, ನೀರೂ ಇಳಿಯದಿದ್ದರೆ, ಜ್ವರ ಬಂದರೆ, ಎದೆಯಲ್ಲೋ ಹೊಟ್ಟೆಯಲ್ಲೋ ಜೋರು ನೋವು ಶುರುವಾದರೆ, ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಡಿಸ್ಚಾರ್ಜ್ ಆಗುವಾಗಲೇ ರಾತ್ರಿ ಹೊತ್ತು ಎತ್ತುವ ನಂಬರ್ ಯಾವುದು ಅಂತ ಕೇಳಿ, ಅಕ್ಕ ಮಾಡಿದ ಹಾಗೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.