ಕೋಲಾಟ ಕಲಿಸಿ ದೂರು ಬರೆಸಿದ ಕಥೆ

ಸಿಆರ್‌ಪಿಎಫ್ ಮಹಿಳಾ ತುಕಡಿಯ ಜೊತೆ ನಾನು ವಿಶ್ವಸಂಸ್ಥೆಯ ಶಾಂತಿಪಾಲನೆ ಡ್ಯೂಟಿಗೆ ಪಶ್ಚಿಮ ಆಫ್ರಿಕಾದ ಲೈಬೀರಿಯಾಕ್ಕೆ ಹೋಗಿದ್ದು 2009ರ ಸುಮಾರಿಗೆ. ಅಲ್ಲಿನ ಅಂತರ್ಯುದ್ಧ 2003ರಲ್ಲೇ ನಿಂತಿತ್ತು. ಹೆಂಗಸರ ಮೇಲಿನ ದೌರ್ಜನ್ಯ ನಿಂತಿರಲಿಲ್ಲ. ನಮ್ಮದು ಗಸ್ತು, ಕಾವಲು. ಕೇಸು, ಅರೆಸ್ಟ್ ಎಲ್ಲ ಅಲ್ಲಿನ ಪೊಲೀಸರದು. ಹೆಂಗಸರು ದೂರು ಕೊಡುವಂತೆ ಮಾಡಲು ಹೊರಟಾಗ "ನಿಮಗ್ಯಾಕೆ ಈ ಉಸಾಬರಿ?" ಅಂದವರೇ ಜಾಸ್ತಿ.

ಮೊದಲ ಎರಡು ತಿಂಗಳು ಸುಮ್ನೆ ಹೋಯಿತು. ಕುರ್ಚಿ ಹಾಕಿಸಿ, ಸೋಡಾ ತರಿಸಿ, 2006ರ ಅತ್ಯಾಚಾರ ಕಾನೂನು ಓದಿ ಹೇಳಿದೆವು. ಸಭೆಗೆ ನಲವತ್ತು ಡಾಲರ್, ನಮ್ಮದೇ ಚಂದಾ. ಮುಂದಿನ ಸಾಲಿನಲ್ಲಿ ಊರಿನ ಹಿರಿಯ ಗಂಡಸರು! ಇನ್ನು ಯಾರು ಬಾಯಿ ಬಿಡುತ್ತಾರೆ?

ಕೋಲಾಟ ಶುರುವಾಗಿದ್ದು ನಮ್ಮ ಬೇಜಾರು ಕಳೆಯಲು. ಹುಡುಗಿಯರು ಬಂದು ಸೇರಿಕೊಂಡರು. ಮೂರನೇ ವಾರ ಅದೇ ಕೋಲಿನಲ್ಲಿ ಕೈ ಬಿಡಿಸಿಕೊಳ್ಳುವ ಪಟ್ಟು ಕಲಿಸಿದೆ. ತಾಯಂದಿರು ಪಕ್ಕದಲ್ಲಿ ಮರಗೆಣಸಿನ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದರು. ನಾನೂ ಸೊಪ್ಪು ಬಿಡಿಸಲು ಕೂತೆ. ಮುಖ ನೋಡದೆ ಕೂತರೆ ಮಾತು ಬರುತ್ತದೆ.

ಊರಿಂದ ಒಯ್ದ ರಾಗಿಹಿಟ್ಟಲ್ಲಿ ಒಮ್ಮೆ ಮುದ್ದೆಯನ್ನೂ ಮಾಡಿದೆ. ಫುಫು, ಅಂದರೆ ಮರಗೆಣಸಿನ ಮುದ್ದೆ, ತಿಂದು ಅಭ್ಯಾಸ ಇದ್ದವರು, ಅಗಿಯದೆ ನುಂಗಿದರು! ನಮ್ಮ ತುಕಡಿಯ ಉತ್ತರದ ಹುಡುಗಿಯರಿಗೇ ಅದು ಬರಲಿಲ್ಲ.

ಮೊದಲ ದೂರು ಕೈತಪ್ಪಿತು. ನಾವು ಠಾಣೆ ಮುಟ್ಟುವಷ್ಟರಲ್ಲಿ ಮನೆಯವರು ಒಂದು ಮೂಟೆ ಅಕ್ಕಿಗೆ ರಾಜಿಯಾಗಿದ್ದರು. ನಮ್ಮ ಪಂಚಾಯ್ತಿ ಕಟ್ಟೆಯಂತೆಯೇ ಅಲ್ವಾ? ಎರಡನೆಯದರಲ್ಲಿ ಸಾಕ್ಷಿಯಾಗಬೇಕಿದ್ದ ಬಟ್ಟೆ ಒಗೆದುಬಿಟ್ಟಿದ್ದರು. ಮೂರನೆಯದರಲ್ಲಿ ಠಾಣೆಯ ಬೈಕಿಗೆ ಪೆಟ್ರೋಲ್ ಇರಲಿಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿದೆ. ಮೊದಲು ಆಸ್ಪತ್ರೆ, ನಂತರ ಠಾಣೆ. ಎಚ್‌ಐವಿ ತಡೆಯುವ ಮಾತ್ರೆ ಅತ್ಯಾಚಾರವಾದ 72 ಗಂಟೆಯೊಳಗೆ ಶುರುವಾಗಬೇಕು, ಠಾಣೆಯ ಬೆಂಚಿನಲ್ಲೇ ಒಂದು ದಿನ ಕಳೆದುಹೋಗುತ್ತಿತ್ತು. ಇನ್ನೊಂದು, ಬಿಸ್ಕತ್ ಡಬ್ಬಿಯಲ್ಲಿ ಸದಾ ಚಿಲ್ಲರೆ, ಇಪ್ಪತ್ತೈದು ಡಾಲರಿನಷ್ಟು. 'ಪೆನ್‌ಪೆನ್' ಬೈಕಿನ ಬಾಡಿಗೆ, ಫೋನಿನ ಕಾರ್ಡು, ಮಗುವಿಗೆ ಬ್ರೆಡ್ಡು. ಸಭೆಗಳಿಗೆ ಸುರಿದ ದುಡ್ಡಿನ ಅರ್ಧದಲ್ಲಿ ಉಳಿದ ತಿಂಗಳೆಲ್ಲ ನಡೆಯಿತು.

ರಾಜಿ ಮಾಡಿಸುತ್ತಿದ್ದ ಹಿರಿಯನನ್ನು ಹೇಗೆ ಒಲಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಂಥ ಡ್ಯೂಟಿಗೆ ಹೊರಟವರು ಕೇಳಿದರೆ ಕಿವಿಯಲ್ಲಿ ಹೇಳುತ್ತೇನೆ.

ನಾನು ಹೊರಡುವ ಹೊತ್ತಿಗೆ ಹನ್ನೊಂದೋ ಹನ್ನೆರಡೋ ದೂರು. ಎಂಟು ಮಂದಿ ಸಮಯಕ್ಕೆ ಆಸ್ಪತ್ರೆ ಮುಟ್ಟಿದ್ದರು. ಉಸಾಬರಿ ಅಂದವರೇ ಕೊನೆಗೆ ಡಬ್ಬಿಗೆ ನೋಟು ಹಾಕಿದರು. ಇಂಥ ಕೇಸುಗಳಿಗೆಂದೇ 2008ರ ಕಾನೂನಿನಡಿ ರಾಜಧಾನಿ ಮನ್ರೋವಿಯಾದಲ್ಲಿ ಶುರುವಾದ 'ಕೋರ್ಟ್ ಇ'ಗೆ ಹೋಗಿದ್ದು ಎರಡೇ. ಅವುಗಳ ತೀರ್ಪು ಬರುವ ಮೊದಲೇ ನಮ್ಮ ಒಂದು ವರ್ಷ ಮುಗಿದಿತ್ತು. ಕೋಲುಗಳನ್ನು ಮುಂದಿನ ತಂಡಕ್ಕೆ ಕೊಟ್ಟು ಬಂದೆ, ಡಬ್ಬಿಯನ್ನೂ. ಅದರಲ್ಲಿ ಆಗ ಒಂಬತ್ತು ಡಾಲರ್ ಉಳಿದಿತ್ತು.