ಮಣ್ಣಿನ ಎಂ.ಎಸ್ಸಿ. ಮಾಡುವ ಮುಂಚೆ ಒಂದು ಗುಂಡಿ ತೋಡಿ

ಡಿಗ್ರಿ ಮುಗಿಯುವ ಹೊತ್ತಿಗೆ ನಮ್ಮ ಚಿಂತಾಮಣಿ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವುದು ಒಂದೇ ಮಾತು: 'ಸಾರ್, ಮಣ್ಣಿನ ಕೋರ್ಸಿಗೆ ಸ್ಕೋಪ್ ಇದೆಯಾ?' ನಾನು ಉತ್ತರ ಹೇಳುವ ಬದಲು ಕೇಳುತ್ತೇನೆ: 'ನಿಮ್ಮ ಹೊಲದಲ್ಲಿ ಎಷ್ಟು ಅಡಿಗೆ ಗರಸು, ಅಂದರೆ ಮಣ್ಣಿನಡಿಯ ಪುಡಿಗಲ್ಲಿನ ಪದರ, ಸಿಗುತ್ತೆ?' ಹತ್ತರಲ್ಲಿ ಒಂಬತ್ತು ಮಂದಿ 'ಅಪ್ಪನ್ನ ಕೇಳಿ ಹೇಳ್ತೀನಿ' ಅನ್ನುತ್ತಾರೆ. ಸರಿ, ಅಲ್ಲಿಂದಲೇ ಶುರು ಮಾಡೋಣ.

ಮೊದಲು ಗುಂಡಿ

ಅರ್ಜಿ, ಸಂದರ್ಶನ ಎಲ್ಲ ಆಮೇಲೆ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಹೊಲದ ಒಂದು ಮೂಲೆಯಲ್ಲಿ ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿ. ಮೇಲಿನ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಗುಡ್ಡೆ ಹಾಕಿ. ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಹೆರೆದು ಸುಮ್ಮನೆ ಕೂತು ನೋಡಿ.

ಕೋಲಾರ, ಚಿಕ್ಕಬಳ್ಳಾಪುರದ ಕೆಮ್ಮಣ್ಣಾದರೆ ಮೇಲಿನ ಗೇಣುದ್ದ ಮರಳು ಮರಳಾಗಿ, ತೆಳು ಬಣ್ಣದಲ್ಲಿ ಇರುತ್ತದೆ. ಅದರ ಕೆಳಗೆ ಮಣ್ಣು ಕಡುಗೆಂಪಾಗಿ ಬಿಗಿಯುತ್ತದೆ. ಒಂದು ಹೆಂಟೆ ಮುರಿದು ಬೆಳಕಿಗೆ ಹಿಡಿದರೆ ಎಣ್ಣೆ ಸವರಿದಂತೆ ತೆಳು ಪೊರೆ ಮಿರುಗುತ್ತದೆ. ಸಾವಿರಾರು ವರ್ಷದ ಮಳೆ ಮೇಲಿನ ಜೇಡಿಯನ್ನು ತೊಳೆದು ಕೆಳಗಿಳಿಸಿ ಅಂಟಿಸಿದ ಪೊರೆ ಅದು. ಪುಸ್ತಕದಲ್ಲಿ ಇಂಥ ಮಣ್ಣಿಗೆ ಆಲ್ಫಿಸಾಲ್ ಎಂದು ಹೆಸರು. ಇನ್ನೂ ಕೆಳಗೆ ಗರಸು, ಅದರ ಕೆಳಗೆ ನೈಸ್ (gneiss) ಎಂಬ ಪಟ್ಟೆ ಪಟ್ಟೆಯ ಕಲ್ಲು, ಕೊಳೆತು ಸಡಿಲವಾದದ್ದು.

ಈ ಗೋಡೆ ನೋಡಿದ ಮೇಲೆ ಒಂದು ಲೆಕ್ಕ ಹಾಕಿ. ಒಂದು ಎಕರೆಯಲ್ಲಿ ಬರೀ 1 ಮಿಲಿಮೀಟರ್ ಮೇಲ್ಮಣ್ಣು ಕೊಚ್ಚಿಹೋದರೂ ಐದೂವರೆ ಟನ್ ಹೋದಂತೆ, ಹೆಚ್ಚುಕಮ್ಮಿ ಎರಡು ಟ್ರ್ಯಾಕ್ಟರ್ ಲೋಡು. ಕಣ್ಣಿಗೆ ಕಾಣುವುದೇ ಇಲ್ಲ!

ಗುಂಡಿಯಿಂದ ಪ್ರಶ್ನೆ

'ಸುಸ್ಥಿರ ಭೂ ನಿರ್ವಹಣೆಯಲ್ಲಿ ಆಸಕ್ತಿ ಇದೆ' ಎಂದು ಅರ್ಜಿಯಲ್ಲಿ ಎಲ್ಲರೂ ಬರೆಯುತ್ತಾರೆ, ಓದುವವರು ಅದನ್ನು ದಾಟಿ ಹೋಗುತ್ತಾರೆ. ನಿಮ್ಮದೇ ಒಂದು ಪ್ರಶ್ನೆ ಇರಲಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಈ ಮೂರು ಜಿಲ್ಲೆಯಲ್ಲಿ ಅದಕ್ಕೇನು ಬರವೇ?

ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ಕೆರೆಗಳ ಸುತ್ತಲಿನ ಬೋರ್‌ವೆಲ್ ನೀರು ಕುಡಿದ ಹೊಲದಲ್ಲಿ ಉಪ್ಪು, ಸೋಡಿಯಂ, ಸಾರಜನಕ ಎಷ್ಟಾಗಿದೆ? ನೀಲಗಿರಿ ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಈಗ ಹಳೆಯ ಬೊಡ್ಡೆಗಳನ್ನು ಜೆಸಿಬಿಯಲ್ಲಿ ಕೀಳಿಸುವಾಗ ಅಡಿಮಣ್ಣು ಮೇಲೆ, ಮೇಲ್ಮಣ್ಣು ಅಡಿಗೆ ಹೋಗುತ್ತದೆ. ಆ ಹೊಲಕ್ಕೆ ರಾಗಿ ಮತ್ತೆ ಒಗ್ಗುವುದು ಎಷ್ಟು ವರ್ಷಕ್ಕೆ? ಮಣ್ಣು ತೊಳೆದು ಫಿಲ್ಟರ್ ಮರಳು ತೆಗೆದ ಜಾಗದಲ್ಲಿ ಉಳಿದ ಹಳ್ಳವನ್ನು ಏನು ಮಾಡುವುದು? ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಪ್ಯಾನೆಲ್ಲಿನ ನೆರಳಲ್ಲಿ ಮಲಗಿದ ಮಣ್ಣು ಏನಾಗುತ್ತಿದೆ? ಇವುಗಳಲ್ಲಿ ಯಾವುದು ನಿಮ್ಮ ಮನೆ ಬಾಗಿಲಿಗೆ ಹತ್ತಿರವೋ ಅದನ್ನು ಹಿಡಿಯಿರಿ.

ಯಾವ ಬಾಗಿಲು?

ಬಿ.ಎಸ್ಸಿ. ಅಗ್ರಿ ಮಾಡಿದವರಿಗೆ ದಾರಿ ನೇರ: ಎಂ.ಎಸ್ಸಿ.ಯಲ್ಲಿ ಮಣ್ಣು ವಿಜ್ಞಾನ ಮತ್ತು ಕೃಷಿ ರಸಾಯನಶಾಸ್ತ್ರ, ಎರಡು ವರ್ಷ, ನಾಲ್ಕು ಸೆಮಿಸ್ಟರ್. ನಮಗೆ ಹತ್ತಿರದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಹೊರರಾಜ್ಯ ಅಥವಾ ದೆಹಲಿಯ ಪೂಸಾ (ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ) ಬೇಕಿದ್ದರೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಕೃಷಿ ಎಂಜಿನಿಯರಿಂಗ್‌ನವರು ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆ ಬರೆದು ಮಣ್ಣು ಮತ್ತು ನೀರು ಸಂರಕ್ಷಣೆಯ ಎಂ.ಟೆಕ್. ಕಡೆ ಹೋಗಬಹುದು. ಸಾದಾ ಬಿ.ಎಸ್ಸಿ.ಯವರು ಕೈಚೆಲ್ಲಬೇಕಿಲ್ಲ, ಪರಿಸರ ವಿಜ್ಞಾನ, ಭೂಗೋಳ, ಭೂವಿಜ್ಞಾನದ ಮೂಲಕವೂ ಇದೇ ಮಣ್ಣಿಗೆ ಬರಬಹುದು. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕಲಿತಿದ್ದರೆ ಅವರೇ ಒಂದು ಹೆಜ್ಜೆ ಮುಂದೆ.

ಹೊರದೇಶದ ಆಸೆ ಇದ್ದವರು ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯ ನೋಡಿ, ನೆಲ–ಜಲ ನಿರ್ವಹಣೆಗೆ ಹೆಸರಾದದ್ದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಕುಟುಂಬದ ವರ್ಷದ ಆದಾಯ 8 ಲಕ್ಷ ದಾಟಿರಬಾರದು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಕೊನೆಯ ವಾರದಲ್ಲಿ ಓಡಬೇಡಿ, ಸರ್ವರ್ ಯಾವಾಗ ಕೈಕೊಡುತ್ತದೋ ಬಲ್ಲವರಾರು.

ಗೈಡ್ ಆಯ್ಕೆ ಕೋರ್ಸಿನಷ್ಟೇ ಮುಖ್ಯ. ಹಿರಿಯ ವಿದ್ಯಾರ್ಥಿಗಳನ್ನು ಕೇಳಿ, 'ಮೇಷ್ಟ್ರು ಹೊಲಕ್ಕೆ ಬರ್ತಾರಾ?' ಅಂತ.

ಲ್ಯಾಬು

ಮೊದಲ ವರ್ಷವೆಲ್ಲ ತರಗತಿ ಮತ್ತು ಟೈಟ್ರೇಶನ್, ಅಂದರೆ ಬಣ್ಣ ತಿರುಗುವವರೆಗೆ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವ ಕೆಲಸ. ಸಾವಯವ ಇಂಗಾಲ ಅಳೆಯುವ ವಾಕ್ಲಿ–ಬ್ಲ್ಯಾಕ್ ವಿಧಾನ 1934ರದ್ದು, ಇವತ್ತಿಗೂ ಅದೇ ಅನ್ನ ಹಾಕುತ್ತಿದೆ. ಬ್ಯೂರೆಟ್ ಎಂಬ ಅಳತೆ ಕೊಳವೆಯಿಂದ ಹನಿ ಹನಿ ಬಿಡುತ್ತಾ ಬಂದಂತೆ ಕೊಳಕು ನೇರಳೆ ಬಣ್ಣ ಇದ್ದಕ್ಕಿದ್ದಂತೆ ಪಚ್ಚೆ ಹಸಿರಿಗೆ ತಿರುಗುತ್ತದೆ. ಒಂದು ಹನಿ ಹೆಚ್ಚಾದರೆ ಮತ್ತೆ ಮೊದಲಿನಿಂದ. ಶೇ 0.5ಕ್ಕಿಂತ ಕಡಿಮೆ ಬಂದರೆ ಮಣ್ಣು ಬಡವಾಗಿದೆ ಎಂದು ಅರ್ಥ, ನಮ್ಮ ರಾಗಿ ಹೊಲಗಳಲ್ಲಿ ಇದು ಮಾಮೂಲು.

ರಂಜಕ ಅಳೆಯಲು ಹುಳಿ ಮಣ್ಣಾದರೆ ಬ್ರೇ ವಿಧಾನ, ತಟಸ್ಥ ಅಥವಾ ಕ್ಷಾರ ಮಣ್ಣಾದರೆ ಓಲ್ಸನ್. ಎರಡರ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಿದರೆ ವೈವಾದಲ್ಲಿ ಮಾನ ಹೋಗುತ್ತದೆ.

ಇದರ ನಡುವೆ ಜಿಕೆವಿಕೆಯ ಒಣಬೇಸಾಯ ವಿಭಾಗದ ತಾಕುಗಳನ್ನು ಒಮ್ಮೆ ನೋಡಿ ಬನ್ನಿ. 1978ರಿಂದ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದಾರೆ. ಬರೀ ರಸಗೊಬ್ಬರ ಹಾಕಿದ ತಾಕಿನ ಇಳುವರಿ ವರ್ಷ ಕಳೆದಂತೆ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಜೊತೆಗೆ ಕೊಟ್ಟ ತಾಕು ಕುಸಿಯದೆ ನಿಂತುಕೊಂಡಿತು. ಸುಸ್ಥಿರ ಎಂಬ ಪದದ ಅರ್ಥ ನನಗೆ ಹೊಳೆದದ್ದು ಅಲ್ಲಿ, ಆ ಎರಡು ತಾಕುಗಳ ನಡುವಿನ ಬದುವಿನ ಮೇಲೆ.

ಸಿಗುವುದು ಒಂದೇ ಮುಂಗಾರು

ಎರಡು ವರ್ಷದ ಕೋರ್ಸು ಅನ್ನುತ್ತಾರೆ. ಆದರೆ ಪ್ರಬಂಧಕ್ಕೆ ದಕ್ಕುವುದು ಒಂದೇ ಮುಂಗಾರು. ರಾಗಿ ಬಿತ್ತನೆ ಜುಲೈ ಆಸುಪಾಸು, ಗೊಬ್ಬರ ಬೀಳುವ ಮುಂಚೆ ಮಾದರಿ ತೆಗೆದಿರಬೇಕು. ತಪ್ಪಿತೋ, ಒಂದು ವರ್ಷ ಹೋಯಿತು. ಹಾಗಾಗಿ ಹಳ್ಳಿ, ರೈತರು, ಸರ್ವೆ ನಂಬರ್ ಎಲ್ಲ ಯುಗಾದಿಯೊಳಗೆ ಗೊತ್ತಾಗಿರಲಿ. ಹೊಲದ ಗಡಿ ನೋಡಿಕೊಳ್ಳಲು ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಸಾಕು.

ಮಾದರಿ ತೆಗೆಯುವ ಕ್ರಮ ಸುಲಭ. ಅಂಕುಡೊಂಕಾಗಿ ನಡೆಯುತ್ತಾ ಹತ್ತು ಹದಿನೈದು ಕಡೆ ವಿ ಆಕಾರದಲ್ಲಿ 15 ಸೆಂ.ಮೀ. ಗುಂಡಿ ತೆಗೆದು, ಅಂಚಿನಿಂದ ಒಂದು ಪದರ ಹೆರೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಸಾಡುತ್ತಾ ಅರ್ಧ ಕೆ.ಜಿ.ಗೆ ಇಳಿಸಿ. ನೆರಳಲ್ಲಿ ಒಣಗಿಸಿ. ಬದು, ಮರದ ಬುಡ, ತಿಪ್ಪೆಯ ಜಾಗ ಬೇಡ. ನಾನು ಇದನ್ನು ಓದಿಕೊಂಡೇ ಹೋಗಿದ್ದೆ. ಆದರೂ ಒಂದು ಹೊಲದ ರಂಜಕ ಆಕಾಶಕ್ಕೇರಿತ್ತು. ಮೂರು ಸಲ ಪರೀಕ್ಷೆ ಮಾಡಿ ಸೋತು ಆ ಊರಿಗೇ ಹೋದರೆ ಅಜ್ಜಿಯೊಬ್ಬರು ನಕ್ಕರು: 'ಅಯ್ಯೋ, ಅಲ್ಲಿ ನಮ್ಮತ್ತೆ ಕಾಲದಲ್ಲಿ ತಿಪ್ಪೆ ಇತ್ತಲ್ಲಪ್ಪ!' ಅಂದಿನಿಂದ ನನ್ನ ನಮೂನೆಯಲ್ಲಿ ಒಂದು ಕಾಲಂ ಹೆಚ್ಚಾಯಿತು, ಹೊಲದ ಹಳೆಯ ಕಥೆ: ಕೆರೆ ಗೋಡು (ಹೂಳು ಮಣ್ಣು) ಯಾವಾಗ ಹೊಡೆಸಿದ್ದು, ರಾಗಿಯ ನಡುವಿನ ಅಕ್ಕಡಿ ಸಾಲಲ್ಲಿ ಅವರೆ ಇಡುವುದು ಯಾವಾಗ ಬಿಟ್ಟಿದ್ದು.

ಕೆಲಸದ ಮಾತು ಚುಟುಕಾಗಿ. ಸಂಶೋಧನೆಗೆ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ (ಎಎಸ್‌ಆರ್‌ಬಿ) ಪರೀಕ್ಷೆಗಳು, ಇಲ್ಲವೇ ಜಲಾನಯನ ಯೋಜನೆ, ಮಣ್ಣು ಪರೀಕ್ಷಾ ಲ್ಯಾಬು, ಸಂಘ ಸಂಸ್ಥೆಗಳು. ಸಂಬಳ ಸಾಫ್ಟ್‌ವೇರ್‌ನಷ್ಟು ಬರುವುದಿಲ್ಲ, ಮನೆಯಲ್ಲಿ ಮೊದಲೇ ಹೇಳಿಬಿಡಿ.

ಹಾಂ, ಆ ಮೂರಡಿ ಗುಂಡಿ. ದನ ಬೀಳುವ ಮುಂಚೆ ಮುಚ್ಚಿ. ಗರಸು ಮೊದಲು, ಆಮೇಲೆ ಕಡುಗೆಂಪು, ಎಲ್ಲದರ ಮೇಲೆ ಆ ಗೇಣುದ್ದದ ಮೇಲ್ಮಣ್ಣು.