ಮಗುವಿನ ಮೊದಲ ಆಟಿಕೆ ರೈಲು: ಇಂಜಿನ್‌ಗಿಂತ ಮೊದಲು ಹಳಿ ನೋಡಿ

ಹೋಳಿ ಹುಣ್ಣಿಮೆ ಕಳೆದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ಕೂಡಿದಾಗ, ಆಟಿಕೆ ಅಂಗಡಿಗಳ ಸಾಲಿನಲ್ಲಿ ದುಂಡನೆಯ ಹಳಿಯ ಮೇಲೆ ದೀಪ ಮಿನುಗಿಸುತ್ತ ತಿರುಗುವ ಪ್ಲಾಸ್ಟಿಕ್ ರೈಲಿನ ಮುಂದೆ ನಿಂತ ಮಗುವನ್ನು ಅಲ್ಲಿಂದ ಕದಲಿಸುವುದು ಯಾವ ತಂದೆತಾಯಿಗೂ ಸುಲಭವಲ್ಲ. ನಮ್ಮ ಮನೆಗೆ ಬಂದ ಮೊದಲ ರೈಲು ಅಂಥದೇ ಒಂದು. ಕೆಲವೇ ದಿನಗಳಲ್ಲಿ ಅದರ ಹಳಿಯ ಒಂದು ತುಂಡಿನ ಕೊಂಡಿ ಮುರಿಯಿತು. ಇಂಜಿನ್ ಚೆನ್ನಾಗಿಯೇ ಇತ್ತು, ಆದರೆ ಆ ಅಳತೆಯ ಹಳಿ ಬೇರೆಲ್ಲಿಯೂ ಸಿಗಲಿಲ್ಲವಾದ್ದರಿಂದ ಇಡೀ ಆಟಿಕೆ ಅಟ್ಟ ಸೇರಿತು. ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ ಮಾತು: ಇಂಜಿನ್‌ನ ಬಣ್ಣ, ದೀಪ, ಕೂಗು ಇವುಗಳನ್ನು ಆಮೇಲೆ ನೋಡಿ, ಮೊದಲು ಹಳಿಯನ್ನು ಪರೀಕ್ಷಿಸಿ. ಮಗು ಅದನ್ನು ತಾನೇ ಜೋಡಿಸಬಲ್ಲದೆ, ಮುಂದೆ ಅದೇ ಅಳತೆಯ ಹಳಿಗಳು ಬಿಡಿಯಾಗಿ ಸಿಗುತ್ತವೆಯೆ ಎಂಬ ಎರಡು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಸಿಕ್ಕರೆ ಆಯ್ಕೆಯ ಮುಕ್ಕಾಲು ಕೆಲಸ ಮುಗಿಯಿತು.

ಮಗುವಿನ ವಯಸ್ಸಿಗಿಂತ ಅದರ ಕೈಯನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಮೂರು ವರ್ಷ ತುಂಬದ ಮಗುವಿಗೆ ಹಳಿಯ ಅಗತ್ಯವೇ ಇಲ್ಲ. ದಾರ ಕಟ್ಟಿ ಎಳೆಯುವ ಮರದ ರೈಲು ಅದಕ್ಕೆ ಸಾಕು, ಮತ್ತು ಆ ಬಗೆಯಲ್ಲಿ ಚನ್ನಪಟ್ಟಣದ ಹಾಲೆಮರದ, ಅರಗಿನ ಬಣ್ಣದ ಆಟಿಕೆಗಳಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಮೂರರಿಂದ ಐದು ವರ್ಷದ ಮಗು ಎರಡು ತುಂಡು ಹಳಿಗಳನ್ನು ಯಾರ ನೆರವೂ ಇಲ್ಲದೆ ಕೂಡಿಸಿ ಬಿಡಿಸಬಲ್ಲದೆ ಎಂಬುದನ್ನು ಅಂಗಡಿಯಲ್ಲಿಯೇ, ಮಾದರಿಯ ಡಬ್ಬಿ ತೆರೆಸಿ, ನೋಡಬೇಕು. ಒತ್ತಿ ಕೂಡಿಸುವಾಗ ದೊಡ್ಡವರ ಹೆಬ್ಬೆರಳಿಗೇ ನೋವಾಗುವಂಥ ಕೊಂಡಿಗಳಿದ್ದರೆ, ಮನೆಯಲ್ಲಿ ದಿನಕ್ಕೆ ಹತ್ತು ಸಲ ಹಳಿ ಜೋಡಿಸುವವರು ನೀವಾಗುತ್ತೀರಿ ಮತ್ತು ಮಗು ಬರಿದೇ ನೋಡುತ್ತ ಕೂರುತ್ತದೆ. ರೈಲಿನ ಆಟದ ಸುಖವೆಲ್ಲ ದಾರಿ ಕಟ್ಟುವುದರಲ್ಲಿಯೇ ಇರುವುದರಿಂದ ಇದು ಸಣ್ಣ ಕೊರತೆಯಲ್ಲ.

ಈ ಕಾರಣಕ್ಕಾಗಿ ಮೊದಲ ಸೆಟ್ಟಾಗಿ ನಾನು ಮರದ ಹಳಿಯನ್ನು ಸೂಚಿಸುತ್ತೇನೆ. ಸ್ವೀಡನ್ನಿನ ಬ್ರಿಯೊ ಕಂಪನಿ 1958ರಲ್ಲಿ ಮರದ ರೈಲನ್ನು ಮಾರುಕಟ್ಟೆಗೆ ತಂದ ಮೇಲೆ, ಒಂದು ತುದಿಯಲ್ಲಿ ಗುಂಡನೆಯ ಮೊಳೆ, ಇನ್ನೊಂದು ತುದಿಯಲ್ಲಿ ಅದಕ್ಕೆ ಹೊಂದುವ ಕುಳಿ ಇರುವ ಆ ಕೂಡಿಕೆಯನ್ನೇ ಅನೇಕ ತಯಾರಕರು ಅನುಸರಿಸಿದ್ದಾರೆ. ಆದ್ದರಿಂದ ಬೇರೆ ಬೇರೆ ಕಂಪನಿಗಳ ಹಳಿಗಳು ಬಹುಮಟ್ಟಿಗೆ ಒಂದಕ್ಕೊಂದು ಕೂಡುತ್ತವೆ. ಸಾಮಾನ್ಯವಾಗಿ ಎಂಟು ತಿರುವು ಹಳಿಗಳಿಂದ ಒಂದು ಪೂರ್ಣ ವೃತ್ತವಾಗುತ್ತದೆ ಮತ್ತು ಅದಕ್ಕೆ ಒಂದೂವರೆ ಅಡಿ ಚದರ ಜಾಗ ಸಾಕು. ಎಂಟು ತಿರುವು, ನಾಲ್ಕಾರು ನೇರ ಹಳಿ, ಒಂದು ಇಂಜಿನ್, ಎರಡು ಮೂರು ಡಬ್ಬಿ ಇಷ್ಟಿದ್ದರೆ ಆರಂಭಕ್ಕೆ ಧಾರಾಳವಾಯಿತು. ನೂರು ತುಂಡುಗಳ ದೊಡ್ಡ ಪೆಟ್ಟಿಗೆಗಳಲ್ಲಿ ಮರ, ಕಂಬ, ಫಲಕ, ಮನುಷ್ಯರ ಗೊಂಬೆಗಳನ್ನೂ ಎಣಿಕೆಗೆ ಸೇರಿಸಿರುತ್ತಾರೆ. ಅದರಲ್ಲಿ ಹಳಿಗಳೆಷ್ಟು ಎಂದು ಎಣಿಸಿಯೇ ಬೆಲೆಯನ್ನು ಹೋಲಿಸಬೇಕು.

ಎರಡನೆಯ ಖರೀದಿ ಸೇತುವೆಯಾಗಬಾರದು, ಕವಲು ಹಳಿಯಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಾಡಿ ಜಂಕ್ಷನ್ನಿನಲ್ಲಿ ಮುಂಬೈ ಕಡೆಯಿಂದ ಬಂದ ಗಾಡಿಗಳಲ್ಲಿ ಒಂದು ಸಿಕಂದರಾಬಾದಿನತ್ತ, ಇನ್ನೊಂದು ಯಾದಗಿರಿ, ರಾಯಚೂರಿನತ್ತ ಹೊರಳುವುದನ್ನು ಕಂಡ ಮಗುವಿಗೆ, ತನ್ನ ಗಾಡಿ ಎತ್ತ ಹೋಗಬೇಕೆಂದು ತಾನೇ ತೀರ್ಮಾನಿಸುವ ಅವಕಾಶ ಕವಲು ಹಳಿಯಿಂದ ಮಾತ್ರ ದೊರೆಯುತ್ತದೆ. ಇದನ್ನು ಜೋಡಿಯಾಗಿಯೇ ಕೊಳ್ಳಬೇಕು, ಏಕೆಂದರೆ ಒಂದೇ ಕವಲಿದ್ದರೆ ಮುಖ್ಯ ದಾರಿ ಬಿಟ್ಟ ಗಾಡಿ ಮರಳಿ ಸೇರಲಾರದೆ ಕುರುಡು ಹಳಿಯಲ್ಲಿ ನಿಲ್ಲುತ್ತದೆ. ಸುರಂಗಕ್ಕೆ ಹಣ ವೆಚ್ಚ ಮಾಡುವ ಅಗತ್ಯವಿಲ್ಲ. ಬೀದರ್–ಕಲಬುರಗಿ ಮಾರ್ಗದ ಸುರಂಗದಲ್ಲಿ ಒಮ್ಮೆ ಹಾದುಬಂದ ಮಗು, ಚಪ್ಪಲಿಯ ರಟ್ಟಿನ ಡಬ್ಬಿಯ ಎರಡು ಬದಿ ಕತ್ತರಿಸಿಕೊಟ್ಟರೂ ಅದೇ ಕತ್ತಲನ್ನು ಅಲ್ಲಿ ಕಾಣುತ್ತದೆ.

ಡಬ್ಬಿಗಳ ವಿಷಯದಲ್ಲಿ ಪ್ರಯಾಣಿಕರ ಗಾಡಿಗಿಂತ ಗೂಡ್ಸ್ ಗಾಡಿ ಒಳ್ಳೆಯದು. 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ನಡುವೆ ವಂದೇ ಭಾರತ್ ಓಡತೊಡಗಿದ ಮೇಲೆ ನಮ್ಮ ಮಕ್ಕಳು ಅದನ್ನೇ ಕೇಳುವುದು ಸಹಜ. ಆದರೆ ಮುಚ್ಚಿದ ಡಬ್ಬಿಗಳ ಗಾಡಿಯನ್ನು ಓಡಿಸಬಹುದೇ ಹೊರತು ಅದರಲ್ಲಿ ಏನನ್ನೂ ತುಂಬಲಾಗದು. ತೆರೆದ ವ್ಯಾಗನ್ ಇದ್ದರೆ ಮಗು ಅದರಲ್ಲಿ ಮರದ ತುಂಡುಗಳನ್ನು ಹೇರುತ್ತದೆ, ಇಳಿಸುತ್ತದೆ, ಲೆಕ್ಕ ಹಾಕುತ್ತದೆ. ತೊಗರಿಯ ನಾಡಿನ ಮಕ್ಕಳು ಅಡುಗೆಮನೆಯಿಂದ ತೊಗರಿ ಕಾಳನ್ನೇ ತಂದು ತುಂಬುವುದೂ ಉಂಟು. ಚಿಕ್ಕ ಮಕ್ಕಳು ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುವ ಅಪಾಯವಿರುವುದರಿಂದ ಅದಕ್ಕೆ ಅವಕಾಶ ಕೊಡಬಾರದು.

ಇನ್ನು ಸುರಕ್ಷತೆ. ಕೇಂದ್ರ ಸರ್ಕಾರದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳ ಮೇಲೆ ಐಎಸ್‌ಐ ಗುರುತು ಇರಲೇಬೇಕು. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ ಭೌಗೋಳಿಕ ಸೂಚ್ಯಂಕ (ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಜಿಐ ಮಾನ್ಯತೆ) ಪಡೆದ ಆಟಿಕೆಗಳಿಗೂ ವಿನಾಯಿತಿ ಇರುವುದರಿಂದ, ಚನ್ನಪಟ್ಟಣದ ಗೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಲ್ಲಿ ನುಂಗಬಹುದಾದ ಸಣ್ಣ ಭಾಗಗಳಿವೆಯೆ ಎಂದು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ಬಳಸುತ್ತಾರೆ. ನಮ್ಮ ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿಲಿಮೀಟರ್. ಆ ನಾಣ್ಯಕ್ಕಿಂತ ಸ್ವಲ್ಪವೇ ಅಗಲವಾದ ಕೊಳವೆಯೊಳಗೆ ಪೂರ್ತಿ ಅಡಗುವ ಚಕ್ರ, ಗೊಂಬೆ, ಕೊಂಡಿ ಯಾವುದೂ ಚಿಕ್ಕ ಮಗುವಿನ ಕೈಗೆ ಸಿಗಬಾರದು.

ಮರದ ರೈಲಿನ ಡಬ್ಬಿಗಳನ್ನು ಬಹುತೇಕ ಅಯಸ್ಕಾಂತಗಳು ಹಿಡಿದಿಡುತ್ತವೆ. ಕೊಳ್ಳುವ ಮೊದಲು ಪ್ರತಿಯೊಂದನ್ನೂ ಉಗುರಿನಿಂದ ಎಳೆದು ನೋಡಿ, ಸಡಿಲವಾಗಿದ್ದರೆ ಆ ಸೆಟ್ಟನ್ನು ಅಲ್ಲಿಯೇ ಬಿಟ್ಟು ಬನ್ನಿ. ಮಗು ಎರಡು ಅಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು ಅಲ್ಲಿ ತೂತು ಮಾಡಬಲ್ಲವು. ಅಂಗಿಯ ಗುಂಡಿಯಂತೆ ಚಪ್ಪಟೆಯಾಗಿ ದುಂಡಗಿರುವ ಬಟನ್ ಸೆಲ್ ಇನ್ನೂ ಅಪಾಯಕಾರಿ: ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾದ ಸುಟ್ಟಗಾಯವಾಗಬಹುದು. ಮಗು ನುಂಗಿದೆಯೆಂಬ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ದೀಪ ಮತ್ತು ಶಬ್ದವಿರುವ ಅಗ್ಗದ ಇಂಜಿನ್‌ಗಳಲ್ಲಿ ಈ ಸೆಲ್ ಇರುವುದು ಸಾಮಾನ್ಯ. ಆದ್ದರಿಂದ ಸೆಲ್‌ನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಇಂಜಿನ್ ಎಷ್ಟು ಚೆಂದವಿದ್ದರೂ ಕೊಳ್ಳಬೇಡಿ. ಪೆನ್ಸಿಲ್ ಸೆಲ್‌ನಿಂದ ಓಡುವ ಇಂಜಿನ್ ಆಯ್ದುಕೊಂಡರೆ ಸೆಲ್ ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ.

ನಿಜವಾದ ಮಾದರಿ ರೈಲು, ಅಂದರೆ ಲೋಹದ ಹಳಿಯಲ್ಲಿ ವಿದ್ಯುತ್ ಹರಿದು ಓಡುವ ರೈಲು, ಏಳೆಂಟು ವರ್ಷದ ಮಗುವಿಗೆ, ಅದೂ ದೊಡ್ಡವರು ಜೊತೆಗೆ ಕೂರುವುದಾದರೆ ಮಾತ್ರ ಸರಿ. ಇದರಲ್ಲಿ ಎಚ್‌ಒ ಎಂಬ ಅಳತೆ ನಿಜವಾದ ರೈಲಿನ 87ನೆಯ ಒಂದು ಭಾಗ. ಎನ್ ಎಂಬುದು 160ನೆಯ ಒಂದು ಭಾಗ. ಎನ್ ಅಳತೆಯ ಹಳಿಯ ಅಗಲ ಒಂಬತ್ತೇ ಮಿಲಿಮೀಟರ್ ಆದ್ದರಿಂದ ಅದರ ಚಕ್ರಗಳನ್ನು ಹಳಿಯ ಮೇಲೆ ಕೂರಿಸುವುದು ಎಳೆಯ ಬೆರಳುಗಳಿಗೆ ಆಗದ ಕೆಲಸ. ಎಚ್‌ಒ ತೆಗೆದುಕೊಳ್ಳಿ. ಅದರ ಹದಿನೆಂಟು ಅಂಗುಲ ತ್ರಿಜ್ಯದ ವೃತ್ತಕ್ಕೆ ಸುಮಾರು ಮೂರೂಕಾಲು ಅಡಿ ಚದರ ಜಾಗ ಬೇಕೆಂಬುದು ನೆನಪಿರಲಿ. ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿಲಿಮೀಟರ್, ಎಚ್‌ಒ ಹಳಿಯ 16.5 ಮಿಲಿಮೀಟರ್ ಅಗಲವಾದರೋ 1435 ಮಿಲಿಮೀಟರಿನ ವಿದೇಶಿ ಹಳಿಯಿಂದ ಬಂದದ್ದು. ಹೀಗಾಗಿ ಭಾರತದ ಗಾಡಿಯ ಮಾದರಿ ಅದರ ಮೇಲೆ ನಿಂತಾಗ ಹಳಿ ತುಸು ಕಿರಿದಾಗಿ ಕಾಣುತ್ತದೆ. ಮಗು ಇದನ್ನು ಗಮನಿಸುವುದೇ ಇಲ್ಲ.

ಅಮೆರಿಕದಲ್ಲಿರುವ ಚಿಕ್ಕಪ್ಪನೋ ಸೋದರಮಾವನೋ ಇಂಥ ಸೆಟ್ಟನ್ನು ತಂದುಕೊಟ್ಟರೆ ಮೊದಲು ಅಡಾಪ್ಟರಿನ ಮೇಲಿನ ಬರಹವನ್ನು ಓದಬೇಕು. 100ರಿಂದ 240 ವೋಲ್ಟ್ ಎಂದಿದ್ದರೆ ಬಳಸಬಹುದು. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಲೇಬಾರದು.

ಕೊನೆಗೆ ನೆಲ. ನಮ್ಮ ಭಾಗದ ಮನೆಗಳಲ್ಲಿ ಹಾಸಿರುವ ಶಹಾಬಾದ್ ಪರಸಿ ತಂಪಾಗಿ, ಸಮತಟ್ಟಾಗಿ ಇರುವುದರಿಂದ ರೈಲಿಗೆ ಹೇಳಿ ಮಾಡಿಸಿದಂತಿದೆ. ಆದರೆ ಎರಡು ಕಲ್ಲುಗಳ ಸಂದು ಏರುಪೇರಾಗಿದ್ದರೆ ಹಳಿಯ ಕೂಡಿಕೆ ಸರಿಯಾಗಿ ಅದರ ಮೇಲೆ ಬಾರದಂತೆ ಜೋಡಿಸಬೇಕು, ಇಲ್ಲವಾದರೆ ಗಾಡಿ ಅಲ್ಲಿಯೇ ಹಳಿ ತಪ್ಪುತ್ತದೆ. ಜಮಖಾನೆಯ ಮೇಲೆ ಹಾಸುವುದು ಬೇಡ, ಅದರ ಎಳೆಗಳು ಇಂಜಿನ್‌ನ ಅಚ್ಚಿಗೆ ಸುತ್ತಿಕೊಂಡು ಮೋಟಾರು ನಿಲ್ಲುತ್ತದೆ. ಬೇಸಿಗೆಯ ಗಾಳಿ ಹೊತ್ತು ತರುವ ಧೂಳು ಲೋಹದ ಹಳಿಯ ಮೇಲೆ ಕೂತರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲವಾದ್ದರಿಂದ, ಓಡಿಸುವ ಮುನ್ನ ಒಣ ಬಟ್ಟೆಯಿಂದ ಒರೆಸಬೇಕು. ಆಟ ಮುಗಿದ ಮೇಲೆ ಹಳಿ ಮತ್ತು ಡಬ್ಬಿಗಳನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿಡಿ. ಊರಿಗೆ ಹೋಗುವಾಗ ಸೆಲ್‌ಗಳನ್ನು ಹೊರತೆಗೆದಿಡಿ. ಮುಂದಿನ ಸಲ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಟಾಗ ಒಂದು ತುಂಡು ಹಳಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಹೊಸದನ್ನು ಅಂಗಡಿಯ ಕಟ್ಟೆಯ ಮೇಲೆಯೇ ಅದಕ್ಕೆ ಕೂಡಿಸಿ ನೋಡಿಯೇ ಹಣ ಕೊಡಿ.